ತಾಳೆಯಾಗದ ತೂಕ

ಆ ತಿಂಗಳಿಡೀ ನಾನು ಬಲಮಗ್ಗುಲಿಗೆ ಮಾತ್ರ ಮಲಗುತ್ತಿದ್ದೆ. ಎಡಕ್ಕೆ ಹೊರಳಿದರೆ ಯಾರೋ ಎದೆಯ ಮೇಲೆ ಒದ್ದೆ ಕಂಬಳಿ ಹೇರಿದಂತಾಗಿ ಎದ್ದು ಕೂರಬೇಕಾಗುತ್ತಿತ್ತು. ಅಂಗಾತ ಮಲಗುವ ಮಾತಂತೂ ಇರಲೇ ಇಲ್ಲ. ಬೆನ್ನಿಗೆ ಮೂರು ದಿಂಬು, ಎರಡು ಗಂಟೆಯ ನಿದ್ದೆ, ಆಮೇಲೆ ಬೆಳಗಿನವರೆಗೆ ಒಣಕೆಮ್ಮು. ವಯಸ್ಸು 61 ಆಗಿತ್ತು. ಮಂಡಿನೋವಿನ ಹಾಗೆ ಇದೂ ಒಂದು ಸೇರಿಕೊಂಡಿತು ಎಂದುಕೊಂಡೆ.

ನನಗೆ ಸಿರೋಸಿಸ್, ಅಂದರೆ ಲಿವರ್ ಕಲೆಗಟ್ಟುವ ಕಾಯಿಲೆ, ಇರುವುದು ಗೊತ್ತಾಗಿ ಆಗಲೇ ಮೂರು ವರ್ಷ ಕಳೆದಿತ್ತು. ಇದನ್ನು ಹೇಳಿದ ಕೂಡಲೇ ಎದುರಿಗಿರುವವರ ಕಣ್ಣಿನಲ್ಲಿ ಒಂದು ಪ್ರಶ್ನೆ ಮೂಡುತ್ತದೆ. ಧೈರ್ಯವಿರುವವರು ಕೇಳಿಯೂ ಬಿಡುತ್ತಾರೆ. ಇಲ್ಲ, ನಾನು ಒಂದು ತೊಟ್ಟೂ ಕುಡಿದವಳಲ್ಲ. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ, ಕುರ್ಚಿ ಬಿಟ್ಟು ಏಳದ ಕೆಲಸ, ಲಿವರ್‌ಗೆ ಸೇರಿಕೊಂಡ ಕೊಬ್ಬು, ಇಷ್ಟೇ ಸಾಕಾಯಿತು. ಕೊಬ್ಬಿನಿಂದ ಉರಿಯೂತವಾಗಿ, ಉರಿಯೂತ ಮಾಯ್ದ ಕಡೆಯೆಲ್ಲ ಕಲೆಗಟ್ಟಿ, ಮೆತ್ತಗಿರಬೇಕಾದ ಅಂಗ ಗಂಟುಗಂಟಾಗುವವರೆಗೂ ಒಂದು ದಿನವೂ ನೋಯಲಿಲ್ಲ. ಆಮೇಲೆ ಹೊಟ್ಟೆಯಲ್ಲಿ ನೀರು ಸೇರಲು ಶುರುವಾಯಿತು. ಮಾತ್ರೆ ಕೊಟ್ಟ ವೈದ್ಯರು ದಿನವೂ ಬೆಳಿಗ್ಗೆ ಮೂತ್ರ ವಿಸರ್ಜನೆಯ ನಂತರ, ಏನನ್ನೂ ತಿನ್ನುವ ಮೊದಲು, ತೂಕ ಮತ್ತು ಹೊಟ್ಟೆಯ ಸುತ್ತಳತೆ ಬರೆದಿಡಲು ಹೇಳಿದ್ದರು. ಮೂವತ್ನಾಲ್ಕು ವರ್ಷ ಲೆಕ್ಕ ಬರೆದು ನಿವೃತ್ತಳಾದವಳಿಗೆ ಇದನ್ನು ಎರಡನೇ ಸಲ ಹೇಳಬೇಕಾಗಿರಲಿಲ್ಲ. ಉದ್ದನೆಯ ಪುಸ್ತಕ ತೆಗೆದು ಗೆರೆ ಎಳೆದು ದಿನಾಂಕ, ತೂಕ, ಸುತ್ತಳತೆ ಎಂದು ಕಾಲಂ ಮಾಡಿಕೊಂಡೆ.

ಹೇಳಬೇಕಾದ ಸಂಗತಿ ಇರುವುದು ಆ ಪುಸ್ತಕದಲ್ಲಿಯೇ. ಮೂರು ವಾರದಲ್ಲಿ ನನ್ನ ಸುತ್ತಳತೆ 94 ಸೆಂಟಿಮೀಟರ್‌ನಿಂದ 88ಕ್ಕೆ ಇಳಿದಿತ್ತು. ಹೊಟ್ಟೆ ಕರಗಿತೆಂದು ಮನೆಯಲ್ಲಿ ಎಲ್ಲರಿಗೂ ಸಮಾಧಾನ. ಹಳೆಯ ರವಿಕೆಗಳನ್ನು ಹೊರಗೆ ತೆಗೆದೆ. ಅದೇ ಮೂರು ವಾರದಲ್ಲಿ ತೂಕ 63ರಿಂದ 64.5 ಕಿಲೋಗೆ ಏರಿತ್ತು. ಹೊಟ್ಟೆ ಇಳಿಯುತ್ತದೆ, ತೂಕ ಏರುತ್ತದೆ ಎಂದರೆ ಎಲ್ಲಿಯೋ ಒಂದು ನಮೂದು ತಪ್ಪಾಗಿದೆ ಎಂದೇ ಅರ್ಥ. ಕಚೇರಿಯಲ್ಲಿ ಇಂಥ ಪುಟ ಯಾರಾದರೂ ನನ್ನ ಮುಂದಿಟ್ಟಿದ್ದರೆ ಸಹಿ ಹಾಕದೆ ಹಿಂದಕ್ಕೆ ಕಳಿಸುತ್ತಿದ್ದೆ. ನನ್ನದೇ ಪುಸ್ತಕವಾದ್ದರಿಂದ ತಕ್ಕಡಿ ಸರಿಯಿಲ್ಲ ಎಂದುಕೊಂಡೆ.

ಕೆಮ್ಮಿಗೆ ಮೊದಲು ಸಿರಪ್ ಬಂತು, ನಂತರ ಐದು ದಿನದ ಆ್ಯಂಟಿಬಯಾಟಿಕ್, ಅದಾದ ಮೇಲೆ ಉಸಿರಿಗೆ ಎಳೆದುಕೊಳ್ಳುವ ಪಂಪು. ಯಾವುದೂ ನಾಟಲಿಲ್ಲ. ಒಂದು ಸಂಜೆ ಮೆಟ್ಟಿಲ ನಡುವೆ ಕುಳಿತುಬಿಟ್ಟೆ. ಮೇಲಕ್ಕೂ ಆಗದು, ಕೆಳಕ್ಕೂ ಆಗದು. ನಮ್ಮವರು ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಎಕ್ಸ್‌ರೇ ನೋಡಲು ವೈದ್ಯರ ಅಗತ್ಯವೇ ಇರಲಿಲ್ಲ. ಎಡಗಡೆ ಪಕ್ಕೆಲುಬುಗಳ ನಡುವೆ ಶ್ವಾಸಕೋಶ ಕಪ್ಪಗೆ ಹರಡಿಕೊಂಡಿತ್ತು. ಬಲಗಡೆ ಕೆಳಗಿನಿಂದ ಮುಕ್ಕಾಲು ಪಾಲು ಬೆಳ್ಳಗೆ, ಸುಣ್ಣ ಬಳಿದಂತೆ. ಎದೆಯಲ್ಲಿ ನೀರು ಎಂದರು. ಆ ರಾತ್ರಿಯೇ ಪಕ್ಕೆಲುಬುಗಳ ನಡುವೆ ರಬ್ಬರಿನಂಥ ದಪ್ಪ ನಳಿಕೆ ತೂರಿಸಿ, ಅದರ ತುದಿಯನ್ನು ಮಂಚದ ಕೆಳಗಿನ ಬಾಟಲಿಗೆ ಇಳಿಬಿಟ್ಟರು. ಮೊದಲ ದಿನ ಒಂದೂವರೆ ಲೀಟರ್ ಇಳಿಸಿ ಕ್ಲಿಪ್ ಹಾಕಿದರು. ಮೂರು ವಾರದ ನಂತರ ಮೊದಲ ಬಾರಿಗೆ ಪೂರ್ತಿ ಉಸಿರು ಎಳೆದುಕೊಂಡೆ. ನಳಿಕೆಯ ನೋವು ಇದ್ದೇ ಇತ್ತು, ಆದರೂ ಆ ಒಂದು ಉಸಿರಿಗೆ ಏನನ್ನಾದರೂ ಬರೆದುಕೊಡುತ್ತಿದ್ದೆ.

ಎರಡನೇ ದಿನ 1,100 ಮಿಲಿ. ಮೂರನೇ ದಿನ 1,300. ಆಮೇಲೆ 1,200, 1,400, 1,250. ನರ್ಸ್ ಬಂದು ಬಾಟಲಿಯ ಗುರುತು ನೋಡಿ ಹೇಳುತ್ತಿದ್ದಳು, ನಾನು ಬರೆದುಕೊಳ್ಳುತ್ತಿದ್ದೆ. ನೀರು ನಿಲ್ಲುವ ಲಕ್ಷಣವೇ ಕಾಣಲಿಲ್ಲ. ಅದರ ಬದಲು ನಿಂತದ್ದು ಮೂತ್ರ. ದಿನಕ್ಕೆ 300 ಮಿಲಿಗೆ ಇಳಿಯಿತು. ರಕ್ತದೊತ್ತಡ 90 ದಾಟಲಿಲ್ಲ. ಮೂತ್ರಪಿಂಡ ಸೋತಷ್ಟೂ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಬಂದ ದಿನ 0.8 ಇದ್ದದ್ದು ಆರನೇ ದಿನ 1.7 ಆಗಿತ್ತು. ನಳಿಕೆಯ ನೋವಿಗೆ ಎರಡು ಹೊತ್ತು ನೋವಿನ ಮಾತ್ರೆ ಬೇರೆ ಕೊಡುತ್ತಿದ್ದರು. ಸಿರೋಸಿಸ್ ಇರುವವರ ಮೂತ್ರಪಿಂಡಕ್ಕೆ ಆ ಬಗೆಯ ಉರಿಯೂತ ತಗ್ಗಿಸುವ ನೋವಿನ ಮಾತ್ರೆಗಳು ಎಷ್ಟು ಕೆಟ್ಟವು ಎಂಬುದು ನನಗೆ ಆಮೇಲೆ ತಿಳಿಯಿತು. ಆ ಆಸ್ಪತ್ರೆಯವರನ್ನು ದೂರಿ ಫಲವಿಲ್ಲ. ಎದೆಯಲ್ಲಿ ನೀರು ಕಂಡಿತು, ತೆಗೆಯಲು ಹೊರಟರು. ನಳಿಕೆ ಹಾಕುವ ಮೊದಲು ಯಾರಾದರೂ ನನ್ನ ಲಿವರ್ ವೈದ್ಯರಿಗೆ ಒಂದು ಫೋನ್ ಮಾಡಬಹುದಿತ್ತು ಎಂಬ ಸಿಟ್ಟು ಮಾತ್ರ ಇನ್ನೂ ಆರಿಲ್ಲ.

ಏಳನೇ ದಿನ ಮಗಳು ಬಂದವಳೇ ಬಾಟಲಿ ನೋಡಿದಳು, ನನ್ನ ಮುಖ ನೋಡಿದಳು, ಪುಸ್ತಕ ತೆಗೆದುಕೊಂಡು ಓದಿದಳು. "ಅಮ್ಮಾ, ಇದು ನಿಲ್ಲುವುದಿಲ್ಲ. ಹೊರಡೋಣ," ಎಂದಳು. ಆ ಸಂಜೆಯೇ ಲಿವರ್ ವಿಭಾಗವಿರುವ ದೊಡ್ಡ ಆಸ್ಪತ್ರೆಗೆ ಸೇರಿದೆ.

ಅಲ್ಲಿನ ವೈದ್ಯರು ನನ್ನ ಪುಸ್ತಕವನ್ನು ಎರಡು ಸಲ ತಿರುವಿ ಹಾಕಿ, ಹೊಟ್ಟೆ ಇಳಿದು ತೂಕ ಏರಿದ್ದ ಪುಟದಲ್ಲಿ ಬೆರಳಿಟ್ಟರು. "ಅಮ್ಮ, ಎಲ್ಲವನ್ನೂ ನೀವೇ ಬರೆದಿದ್ದೀರಲ್ಲ," ಎಂದರು. ಆಮೇಲೆ ಅದೇ ಪುಟದ ಅಂಚಿನಲ್ಲಿ ಕಮಾನಿನಂಥ ಒಂದು ಗೆರೆ ಎಳೆದರು. ಮೇಲೆ ಎದೆ, ಕೆಳಗೆ ಹೊಟ್ಟೆ, ನಡುವಿನ ಗೆರೆಯೇ ವಪೆ. ಗೆರೆಯ ಬಲಭಾಗದಲ್ಲಿ ಪೆನ್ನಿನಿಂದ ನಾಲ್ಕೈದು ಚುಕ್ಕಿ ಇಟ್ಟರು.

ವಪೆ ಎಲ್ಲ ಕಡೆಯೂ ದಪ್ಪ ಸ್ನಾಯುವಲ್ಲವಂತೆ. ನಡುವೆ ಪೊರೆಯಂತೆ ತೆಳುವಾದ ಭಾಗವಿದೆ, ಅದೂ ಬಲಗಡೆ ಇನ್ನಷ್ಟು ತೆಳು. ಹೊಟ್ಟೆಯಲ್ಲಿ ನೀರು ತುಂಬಿ ಒತ್ತಡ ಏರಿದಾಗ ಅಲ್ಲಿ ಸಣ್ಣ ಸಣ್ಣ ಬಿರುಕು ಬಿಡುತ್ತವೆ. ಹೆಚ್ಚಿನವು ಒಂದು ಸೆಂಟಿಮೀಟರ್‌ಗಿಂತ ಕಿರಿದು. ಉಸಿರು ಒಳಗೆ ಎಳೆದಾಗಲೆಲ್ಲ ಎದೆಗೂಡಿನ ಒಳಗೆ ಒತ್ತಡ ಕಡಿಮೆಯಾಗುತ್ತದೆ. ಗಾಳಿ ಬರುವ ದಾರಿಯಲ್ಲಿ ಗಾಳಿ ಬರುತ್ತದೆ, ಬಿರುಕಿನ ದಾರಿಯಲ್ಲಿ ಹೊಟ್ಟೆಯ ನೀರೂ ಮೇಲಕ್ಕೆ ಸೆಳೆದುಕೊಂಡು ಬರುತ್ತದೆ. ನಿಮಿಷಕ್ಕೆ ಹದಿನೆಂಟು ಇಪ್ಪತ್ತು ಸಲ ನಾನೇ ನನ್ನ ಹೊಟ್ಟೆಯ ನೀರನ್ನು ಎದೆಗೆ ಸೇದುತ್ತಿದ್ದೆ. ಹೊಟ್ಟೆ ಐದಾರು ಲೀಟರ್ ತುಂಬಿದರೂ ಹೇಗೋ ತಾಳಿಕೊಳ್ಳುತ್ತದೆ. ಎದೆಯಲ್ಲಿ ಒಂದೆರಡು ಲೀಟರ್ ಸೇರಿದರೆ ಮುಗಿಯಿತು, ಶ್ವಾಸಕೋಶಕ್ಕೆ ಹಿಗ್ಗಲು ಜಾಗವಿಲ್ಲ. ಕೆಲವರಲ್ಲಿ ಸೇರಿದ ನೀರೆಲ್ಲ ಮೇಲಕ್ಕೇ ಹೋಗಿ ಹೊಟ್ಟೆ ಪೂರ್ತಿ ಚಪ್ಪಟೆಯಾಗಿರುವುದೂ ಉಂಟಂತೆ. ಸಿರೋಸಿಸ್ ಇರುವ ನೂರು ಜನರಲ್ಲಿ ಐದರಿಂದ ಹತ್ತು ಮಂದಿಗೆ ಹೀಗಾಗುತ್ತದೆ, ಹೆಚ್ಚಿನವರಿಗೆ ಬಲಗಡೆಯೇ. ಇದಕ್ಕೆ ಹೆಪಾಟಿಕ್ ಹೈಡ್ರೊಥೊರಾಕ್ಸ್ ಎಂದು ಹೆಸರು. ಕಾಯಿಲೆ ಲಿವರಿನದು, ದೂರು ಎದೆಯದು.

"ಹಾಗಾದರೆ ನಳಿಕೆ ಇಟ್ಟುಕೊಂಡೇ ಇದ್ದರೆ ಏನು ತಪ್ಪು?" ಎಂದು ಕೇಳಿದೆ. ಆ ಪೂರ್ತಿ ಉಸಿರಿನ ರುಚಿ ನನ್ನನ್ನು ಬಿಟ್ಟಿರಲಿಲ್ಲ.

ಅವರು ಬಾಟಲಿಯ ಅಂಕಿಗಳನ್ನು ಕೂಡಿಸಲು ಹೇಳಿದರು. ಆರು ದಿನಕ್ಕೆ 7,750 ಮಿಲಿ. ಆ ನೀರಿನಲ್ಲಿ ಪ್ರತಿ 100 ಮಿಲಿಗೆ 1.3 ಗ್ರಾಂ ಪ್ರೋಟೀನ್ ಇತ್ತೆಂದು ಪರೀಕ್ಷೆಯಲ್ಲಿ ಬಂದಿತ್ತು. ಗುಣಿಸಿದೆ. ನೂರು ಗ್ರಾಂ ದಾಟಿತು. ಅಷ್ಟನ್ನು ತಯಾರಿಸಬೇಕಾದದ್ದು ನನ್ನ ಗಂಟುಗಂಟಾದ ಲಿವರ್. ತೂತು ಬಿದ್ದ ಕೊಡದ ಕೆಳಗೆ ಇನ್ನೊಂದು ತೂತು ಕೊರೆದಂತಾಗಿತ್ತು ನನ್ನ ಸ್ಥಿತಿ. ನೀರು ಹೋದಷ್ಟೂ ಹೊಟ್ಟೆಯಿಂದ ಏರಿ ಬರುತ್ತದೆ, ಅದರ ಜೊತೆ ಉಪ್ಪು, ಪ್ರೋಟೀನ್, ಸೋಂಕಿನ ವಿರುದ್ಧ ಹೋರಾಡುವ ಅಂಶಗಳು ಎಲ್ಲವೂ ಖರ್ಚಿನ ಬಾಬ್ತಿಗೆ ಬೀಳುತ್ತವೆ. ಮೂತ್ರಪಿಂಡ ಕೈಚೆಲ್ಲುತ್ತದೆ, ನಳಿಕೆಯ ದಾರಿಯಲ್ಲಿ ಸೋಂಕು ಒಳಬರುತ್ತದೆ. ಈ ಕಾಯಿಲೆಯಲ್ಲಿ ಎದೆಗೆ ನಳಿಕೆ ಹಾಕಿಡುವುದನ್ನು ಆದಷ್ಟೂ ತಪ್ಪಿಸುತ್ತಾರೆ ಎಂದು ಹೇಳಿ, ಮರುದಿನವೇ ತೆಗೆಸಿದರು. ತೆಗೆದ ಜಾಗಕ್ಕೆ ಹೊಲಿಗೆ ಹಾಕಿದರೂ ಐದು ದಿನ ಬ್ಯಾಂಡೇಜ್ ಒದ್ದೆಯಾಗುತ್ತಲೇ ಇತ್ತು. ನೀರಿನ ಮಾತ್ರೆ ನಿಲ್ಲಿಸಿ ಎರಡು ದಿನ ಆಲ್ಬುಮಿನ್ ಎಂಬ ರಕ್ತದ ಪ್ರೋಟೀನ್ ಏರಿಸಿದರು, 20 ಗ್ರಾಂನ ಪುಟ್ಟ ಬಾಟಲಿ, ದಿನಕ್ಕೆ ಮೂರು. ಕ್ರಿಯಾಟಿನಿನ್ ನಿಧಾನವಾಗಿ 1ಕ್ಕೆ ಇಳಿಯಿತು.

ಈ ನೀರು ನಿಜವಾಗಿಯೂ ಲಿವರ್‌ನಿಂದಲೇ ಬಂದದ್ದೆಂದು ಖಾತ್ರಿ ಮಾಡಿಕೊಳ್ಳಲು ಇನ್ನೂ ಒಂದಷ್ಟು ಪರೀಕ್ಷೆಗಳಾದವು. ಹೃದಯದ ಎಕೋ ಸರಿಯಿತ್ತು. ಕ್ಷಯದ ಸುಳಿವಾಗಲಿ, ಕ್ಯಾನ್ಸರ್ ಕೋಶಗಳಾಗಲಿ ನೀರಿನಲ್ಲಿ ಸಿಗಲಿಲ್ಲ. ರಕ್ತದ ಆಲ್ಬುಮಿನ್ 2.6, ಎದೆನೀರಿನದು 0.7. ಈ ಎರಡರ ವ್ಯತ್ಯಾಸ 1.1ಕ್ಕಿಂತ ಹೆಚ್ಚಿದ್ದರೆ ಬೊಟ್ಟು ಕರುಳಿನ ರಕ್ತವನ್ನು ಲಿವರ್‌ಗೆ ತರುವ ಪೋರ್ಟಲ್ ರಕ್ತನಾಳದ ಒತ್ತಡದ ಕಡೆಗೆ ತಿರುಗುತ್ತದೆ. ನನ್ನದು 1.9.

ಮನೆಗೆ ಬಂದಾಗ ಕೈಯಲ್ಲಿ ಎರಡು ಮಾತ್ರೆ ಮತ್ತು ಒಂದು ಕಟ್ಟಪ್ಪಣೆ. ಮಾತ್ರೆಗಳು ಮೂತ್ರದಲ್ಲಿ ನೀರು ಇಳಿಸುವಂಥವು, ಸ್ಪೈರೊನೊಲ್ಯಾಕ್ಟೋನ್ 100, ಫ್ಯೂರೊಸೆಮೈಡ್ 40. ಕಟ್ಟಪ್ಪಣೆ ಉಪ್ಪಿನದು: ದಿನಕ್ಕೆ ಎಲ್ಲ ಸೇರಿ ಐದು ಗ್ರಾಂ ಮೀರಬಾರದು, ಅಂದರೆ ಸಣ್ಣ ಚಮಚದಲ್ಲಿ ತಲೆ ಸವರಿದ ಒಂದು ಚಮಚ. "ಎಲ್ಲ ಸೇರಿ" ಎಂಬುದರಲ್ಲಿಯೇ ಕಷ್ಟವಿರುವುದು. ಬೆಳಿಗ್ಗೆಯೇ ಆ ಒಂದು ಚಮಚವನ್ನು ಪುಟ್ಟ ಭರಣಿಗೆ ಹಾಕಿಟ್ಟು, ಮೂರು ಹೊತ್ತೂ ಅದರಿಂದಲೇ ತೆಗೆದುಕೊಳ್ಳುವ ಪದ್ಧತಿ ಮಾಡಿಕೊಂಡೆ. ಪೊಟ್ಟಣದಲ್ಲಿ ಬರುವುದನ್ನೆಲ್ಲ ಕೈಬಿಟ್ಟೆ. ಅದರ ಉಪ್ಪು ನನ್ನ ಭರಣಿಯ ಲೆಕ್ಕಕ್ಕೆ ಬರುವುದಿಲ್ಲ. ಪ್ರೋಟೀನ್ ಮಾತ್ರ ಕಡಿಮೆ ಮಾಡಬಾರದು, ರಾತ್ರಿ ಮಲಗುವ ಮುಂಚೆ ಇನ್ನೊಮ್ಮೆ ಏನಾದರೂ ತಿನ್ನಬೇಕು ಎಂದಿದ್ದರು. ಮೊದಲ ಹತ್ತು ದಿನ ಊಟ ಎಂದರೆ ಅಳು ಬರುತ್ತಿತ್ತು. ಮೂರನೇ ವಾರಕ್ಕೆ ನಾಲಿಗೆ ಸೋಲೊಪ್ಪಿಕೊಂಡಿತು.

ಎದೆ ಒಪ್ಪಿಕೊಳ್ಳಲಿಲ್ಲ. ಮಾತ್ರೆಯನ್ನು 200 ಮತ್ತು 80ಕ್ಕೆ ಏರಿಸಿದರು. ರಾತ್ರಿ ಮೀನಖಂಡ ಹಿಡಿದುಕೊಂಡು ಕಿರುಚುವಂತಾಗುತ್ತಿತ್ತು. ರಕ್ತದ ಸೋಡಿಯಂ 123ಕ್ಕೆ ಕುಸಿದು, ಮಾತ್ರೆಯನ್ನೇ ನಿಲ್ಲಿಸಬೇಕಾಯಿತು. ಏರಿಸಿದರೆ ಸೋಡಿಯಂ ಇಳಿಯುತ್ತದೆ, ಇಳಿಸಿದರೆ ನೀರು ಏರುತ್ತದೆ. ಈ ನಡುವೆ ಉಸಿರು ಕಟ್ಟಿದಾಗೆಲ್ಲ ಸೂಜಿಯಿಂದ ನೀರು ತೆಗೆಸಿಕೊಂಡು ಬರುತ್ತಿದ್ದೆ. ಆಸ್ಪತ್ರೆಯಲ್ಲಿ ಎಲ್ಲರೂ ಅದನ್ನು ಟ್ಯಾಪಿಂಗ್ ಎನ್ನುತ್ತಿದ್ದರು.

ಟ್ಯಾಪಿಂಗ್ ಬಗ್ಗೆ ಹೆದರಿಕೊಂಡಿರುವವರಿಗೆ ಇದು ಉಪಯೋಗವಾದೀತು. ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಿಸುತ್ತಾರೆ. ಮುಂದೆ ಮೇಜು, ಮೇಜಿನ ಮೇಲೆ ದಿಂಬು, ಅದನ್ನು ತಬ್ಬಿಕೊಂಡು ಬಾಗಬೇಕು. ಬೆನ್ನಿನ ಮೇಲೆ ಸ್ಕ್ಯಾನಿಂಗ್‌ನ ಅಂಟು ದ್ರವ, ತಣ್ಣಗೆ. ನೀರು ಎಲ್ಲಿ ಆಳವಾಗಿದೆಯೋ ಅಲ್ಲಿ ಗುರುತು ಹಾಕುತ್ತಾರೆ. ಮರಗಟ್ಟಿಸುವ ಇಂಜೆಕ್ಷನ್ ಅರ್ಧ ನಿಮಿಷ ಚುರುಗುಟ್ಟುತ್ತದೆ. ನೋವಿನ ಪಾಲು ಹೆಚ್ಚೂಕಡಿಮೆ ಅಷ್ಟೇ. ನಂತರದ ಸೂಜಿಯನ್ನು ಪಕ್ಕೆಲುಬಿನ ಮೇಲಂಚಿಗೆ ತಾಗಿಸಿಕೊಂಡು ಒಳಗೆ ಬಿಡುತ್ತಾರೆ, ಏಕೆಂದರೆ ರಕ್ತನಾಳ ಮತ್ತು ನರ ಓಡುವುದು ಕೆಳ ಅಂಚಿನಲ್ಲಿ. ಆಗ ನೋವಿಗಿಂತ ಒಂದು ಒತ್ತು ತಿಳಿಯುತ್ತದೆ, ಒಳಗೆ ಏನೋ 'ಪಟ್' ಎಂದು ದಾಟಿದಂತೆ. ಸಣ್ಣ ಕೊಳವೆಯಲ್ಲಿ ಒಣಹುಲ್ಲಿನ ಬಣ್ಣದ ನೀರು ಇಳಿಯಲು ಶುರುವಾಗುತ್ತದೆ. ತಿಳಿಯಾಗಿರುತ್ತದೆ, ವಾಸನೆ ಇಲ್ಲ. ಇಷ್ಟು ಸೌಮ್ಯವಾಗಿ ಕಾಣುವುದು ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿತ್ತೇ ಎಂದು ಪ್ರತಿ ಸಲವೂ ಅನ್ನಿಸುತ್ತಿತ್ತು.

ಕೊನೆಕೊನೆಗೆ ಕೆಮ್ಮು ಬರುತ್ತದೆ. ಮುದುಡಿಕೊಂಡಿದ್ದ ಶ್ವಾಸಕೋಶ ಬಿಚ್ಚಿಕೊಳ್ಳುವ ಕೆಮ್ಮು ಅದು. ನಾನು ಪೂರ್ತಿ ಖಾಲಿ ಮಾಡಿಬಿಡಿ ಎಂದು ಬೇಡಿಕೊಂಡರೂ ಒಂದೂವರೆ ಲೀಟರ್‌ಗೆ ನಿಲ್ಲಿಸುತ್ತಿದ್ದರು. ಒಂದೇ ಸಲಕ್ಕೆ ಬಹಳ ತೆಗೆದರೆ, ದಿಢೀರನೆ ಹಿಗ್ಗಿದ ಶ್ವಾಸಕೋಶದ ಒಳಗೇ ನೀರು ಜಿನುಗಬಹುದು, ರಕ್ತದೊತ್ತಡವೂ ಬೀಳಬಹುದು. ಗಾಳಿ ಒಳಹೊಕ್ಕಿಲ್ಲ ಎಂದು ನೋಡಿಕೊಳ್ಳಲು ಒಂದು ಎಕ್ಸ್‌ರೇ ತೆಗೆದು ಸಂಜೆಗೆ ಮನೆಗೆ ಕಳಿಸುತ್ತಿದ್ದರು.

ಮೊದಲ ಟ್ಯಾಪಿಂಗ್ ಹನ್ನೊಂದು ದಿನ ಬಾಳಿಕೆ ಬಂತು. ಎರಡನೆಯದು ಒಂಬತ್ತು ದಿನ. ಮೂರನೆಯದಕ್ಕೆ ಏಳು ದಿನವೂ ತುಂಬಿರಲಿಲ್ಲ, ಮನೆಯಲ್ಲಿ ಸುಮ್ಮನೆ ಮಂಕಾಗಿ ಕುಳಿತಿದ್ದೆನಂತೆ. ಜ್ವರವಿಲ್ಲ, ಹೊಸ ಕೆಮ್ಮಿಲ್ಲ. ತೆಗೆದ ನೀರಿನಲ್ಲಿ ಬಿಳಿ ಕಣಗಳ ಪೈಕಿ ನ್ಯೂಟ್ರೊಫಿಲ್ ಎಣಿಕೆ 640 ಬಂತು. 500 ದಾಟಿದರೆ ನೀರಿಗೆ ಸೋಂಕು ತಗುಲಿದೆ ಎಂದೇ ಲೆಕ್ಕ. ರಕ್ತನಾಳಕ್ಕೆ ಆ್ಯಂಟಿಬಯಾಟಿಕ್ ಕೊಟ್ಟು ವಾರ ಕಾಲ ಮಲಗಿಸಿದರು. ಕೀವಾಗದಿದ್ದರೆ ಇಲ್ಲಿಯೂ ನಳಿಕೆ ಬೇಡ ಎಂದರು. ಅಷ್ಟು ಹೊತ್ತಿಗೆ ನಾನೂ ಕೇಳುವುದನ್ನು ನಿಲ್ಲಿಸಿದ್ದೆ.

ಆ ವಾರದ ಕೊನೆಗೆ ಮುಂದಿನ ದಾರಿಯ ಮಾತು ಬಂತು. ಬೇರುಸಹಿತ ಕೀಳುವ ಚಿಕಿತ್ಸೆ ಲಿವರ್ ಕಸಿ ಒಂದೇ. ಅದರ ತಯಾರಿಗೆ ತಿಂಗಳುಗಳು ಬೇಕು. ಅಲ್ಲಿಯವರೆಗೆ ಟಿಪ್ಸ್ ಎಂಬ ಉಪಾಯ: ಕುತ್ತಿಗೆಯ ರಕ್ತನಾಳದಿಂದ ತಂತಿ ಇಳಿಸಿ, ಲಿವರ್‌ನ ಒಳಗೆ ಒಂದು ಸ್ಟೆಂಟ್ ಇಟ್ಟು, ಕರುಳಿನ ಕಡೆಯಿಂದ ಬರುವ ರಕ್ತಕ್ಕೆ ಅಡ್ಡದಾರಿ ಮಾಡಿಕೊಡುವುದು. ಒತ್ತಡ ಇಳಿದರೆ ನೀರು ಹುಟ್ಟುವುದೇ ಕಡಿಮೆಯಾಗುತ್ತದೆ. ಎಲ್ಲರಿಗೂ ಇದು ಆಗದು. ಕಾಮಾಲೆಯ ಹಳದಿ ತರುವ ಬಿಲಿರುಬಿನ್ ಬಹಳ ಏರಿದ್ದರೆ, ಹೃದಯ ದುರ್ಬಲವಾಗಿದ್ದರೆ ಇದರಿಂದ ಕೇಡೇ ಹೆಚ್ಚು. ನನ್ನ ಬಿಲಿರುಬಿನ್ 1.8, ಲಿವರ್ ಎಷ್ಟು ಸೋತಿದೆ ಎಂದು ಅಳೆಯುವ ಮೆಲ್ಡ್ ಅಂಕ 13. ಆಗಬಹುದು ಎಂದರು.

ಇದಕ್ಕೆ ತೆರಬೇಕಾದ ಬೆಲೆಯನ್ನೂ ಮುಚ್ಚಿಡಲಿಲ್ಲ. ಅಡ್ಡದಾರಿ ಹಿಡಿದ ರಕ್ತ ಲಿವರ್‌ನಲ್ಲಿ ಶುದ್ಧವಾಗದೆ ಮುಂದೆ ಹೋಗುತ್ತದೆ; ಅದರೊಳಗಿನ ಅಮೋನಿಯದಂಥ ವಿಷ ಮಿದುಳಿಗೆ ಮಂಕು ಕವಿಸಬಹುದು. ನಮ್ಮವರು ಹಿಂಜರಿದರು. "ಉಸಿರಿಲ್ಲದೆ ಬುದ್ಧಿ ಇಟ್ಟುಕೊಂಡು ಏನು ಮಾಡಲಿ?" ಎಂದೆ. ಹೇಳುವಾಗ ಬಹಳ ಜಾಣ ಮಾತು ಎನ್ನಿಸಿತ್ತು.

ಮಾಡಿದ ದಿನದ ನೆನಪು ಕಡಿಮೆ. ಎರಡು ಗಂಟೆ ಹಿಡಿಯಿತಂತೆ. ಲಿವರ್‌ಗೆ ಬರುವ ಮತ್ತು ಅಲ್ಲಿಂದ ಹೊರಡುವ ರಕ್ತನಾಳಗಳ ಒತ್ತಡದ ವ್ಯತ್ಯಾಸ 19ರಿಂದ 9ಕ್ಕೆ ಇಳಿಯಿತು, 12ರೊಳಗೆ ತರುವುದು ಗುರಿಯಾಗಿತ್ತು. ಕುತ್ತಿಗೆಯಲ್ಲಿ ಒಂದು ಸಣ್ಣ ಪಟ್ಟಿ, ಅಷ್ಟೇ. ಎದೆ ಒಂದೇ ದಿನದಲ್ಲಿ ಖಾಲಿಯಾಗಲಿಲ್ಲ. ಮೊದಲ ತಿಂಗಳಲ್ಲಿ ಇನ್ನೊಂದು ಸಲ ಟ್ಯಾಪಿಂಗ್ ಬೇಕಾಯಿತು. ಆಮೇಲೆ ಬೇಕಾಗಿಲ್ಲ.

ಮಂಕಿನ ಸುದ್ದಿ ಮೊದಲು ತಿಳಿದದ್ದೂ ಪುಸ್ತಕದಿಂದಲೇ. ಟಿಪ್ಸ್ ಆಗಿ ಮೂರನೇ ವಾರ, ಒಂದು ಬೆಳಿಗ್ಗೆ ಮಗಳು ಪುಟ ತೆಗೆದು ನನ್ನ ಮುಂದೆ ಹಿಡಿದಳು. ಹಿಂದಿನ ದಿನದ ತೂಕವನ್ನು ಮೂರು ಸಲ ಬರೆದಿದ್ದೆ. ಮೂರೂ ಬೇರೆ ಬೇರೆ ಅಂಕಿ. ಅಕ್ಷರಗಳು ಗೆರೆ ಬಿಟ್ಟು ಕೆಳಕ್ಕೆ ಜಾರಿದ್ದವು, 8 ಎಂಬುದು ಪೂರ್ತಿ ಮುಚ್ಚಿಕೊಂಡಿರಲಿಲ್ಲ. "ಯಾರು ಬರೆದದ್ದು?" ಎಂದು ಕೇಳಿದೆನಂತೆ. ಹಗಲೆಲ್ಲ ತೂಕಡಿಕೆ, ರಾತ್ರಿಯೆಲ್ಲ ಎಚ್ಚರ. ಮುಂಚಾಚಿದ ಕೈ ರೆಕ್ಕೆಯಂತೆ ಬಡಿದುಕೊಳ್ಳುತ್ತಿತ್ತು. ಜಾಣ ಮಾತಿನ ಅರ್ಥ ಆಗ ತಿಳಿಯಿತು, ಅಥವಾ ತಿಳಿಯಲಾರದ ಸ್ಥಿತಿಯಲ್ಲಿದ್ದೆ.

ಲ್ಯಾಕ್ಟುಲೋಸ್ ಎಂಬ ಸಿಹಿ ಸಿರಪ್ ಹೆಚ್ಚಿಸಿದರು. ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಮಲವಿಸರ್ಜನೆ ಆಗುವಷ್ಟು ಕುಡಿಯಬೇಕು, ಅಳತೆ ಅದೇ. ಅದರ ಸಿಹಿ ಗಂಟಲಿಗೆ ಅಂಟಿಕೊಳ್ಳುತ್ತದೆ, ಎಷ್ಟು ತಿಂಗಳಾದರೂ ರೂಢಿಯಾಗುವುದಿಲ್ಲ. ರಿಫಾಕ್ಸಿಮಿನ್ ಮಾತ್ರೆಯೂ ಸೇರಿತು. ನಾಲ್ಕು ದಿನಕ್ಕೆ ತಿಳಿಯಾದೆ. ಆ ನಾಲ್ಕು ದಿನದ ಪುಟಗಳನ್ನು ಹರಿದು ಹಾಕಲು ಮಗಳು ಬಿಡಲಿಲ್ಲ. ಮುಂದಿನ ಪುಟದಿಂದ ಅವಳೇ ಮತ್ತೆರಡು ಕಾಲಂ ಎಳೆದಳು: ಎಷ್ಟು ಸಲ, ಮತ್ತು ನನ್ನ ಸಹಿ. ದಿನವೂ ಸಂಜೆ ಸಹಿ ಹಾಕಿಸಿಕೊಂಡು ಹಳೆಯದರ ಜೊತೆ ಹೋಲಿಸಿ ನೋಡುತ್ತಾಳೆ, ಬ್ಯಾಂಕಿನವರ ಹಾಗೆ. ಮೂವತ್ನಾಲ್ಕು ವರ್ಷ ಬೇರೆಯವರ ಲೆಕ್ಕಕ್ಕೆ ರುಜು ಹಾಕಿದವಳ ರುಜುವನ್ನು ಈಗ ಇನ್ನೊಬ್ಬರು ಪರಿಶೀಲಿಸುತ್ತಾರೆ. ಮೊದಮೊದಲು ಮುಜುಗರವಾಗುತ್ತಿತ್ತು.

ಇದೆಲ್ಲ ಆಗಿ ಐದು ತಿಂಗಳು. ಬಲಗಡೆ ಕೆಳ ಅಂಚಿನಲ್ಲಿ ಇನ್ನೂ ಒಂದು ತೆಳು ಪದರ ನೀರಿದೆ, ಸ್ಕ್ಯಾನಿಂಗ್‌ನಲ್ಲಿ ಕಾಣುತ್ತದೆ, ನನಗೆ ಕಾಣುವುದಿಲ್ಲ. ಕಸಿಯ ಪರೀಕ್ಷೆಗಳು ಮುಗಿದು ಹೆಸರು ಪಟ್ಟಿಯಲ್ಲಿದೆ. ಉಪ್ಪಿನ ಭರಣಿ ಹಾಗೆಯೇ ಇದೆ. ಹೋದ ವಾರ ಪುಸ್ತಕ ನೋಡಿದ ವೈದ್ಯರು ಎಲ್ಲ ಸರಿ, ಯಾವ ಮಗ್ಗುಲಿಗೆ ಮಲಗುತ್ತೀರಿ ಎಂದು ಕೇಳಿದರು. ಅದು ನನಗೇ ಗೊತ್ತಿರಲಿಲ್ಲ. ಅಂದಿನಿಂದ ಮಗಳು ಇನ್ನೊಂದು ಕಾಲಂ ಸೇರಿಸಿದ್ದಾಳೆ. ಬೆಳಿಗ್ಗೆ ಕಾಫಿಗೆ ಮುಂಚೆ ಬಂದು ಬಾಗಿಲಲ್ಲಿ ನಿಂತು ನೋಡಿ ತಾನೇ ತುಂಬುತ್ತಾಳೆ.

ಇವತ್ತಿನ ಸಾಲು: 57.6, 82, ಎರಡು ಸಲ, ಸಹಿ, ಎಡ.